ಮಾನಾಪಮಾನ ನಾಟಕ ನಮ್ಮ ಕಡೆ ಬಂದಿತ್ತೇನ್ರಿ?

ದುರ್ಗದಬೈಲ್ ಹುಡುಗಿ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಅವ್ವಗ ಈಗ ಎಪ್ಪತ್ತೆಂಟು. ರೊಟ್ಟಿ ಬಡಿಯುವಾಗ ಒಂದು ಮರಾಠಿ ಪದ ಗುನುಗುತಾಳ, ‘ಖರಾ ತೋ ಪ್ರೇಮಾ’ ಅಂತ. ಸಣ್ಣಾಕಿ ಇದ್ದಾಗಿಂದ ಕೇಳಕೋತ ಬಂದೇನಿ. ಅದು ಎಲ್ಲಿ ಪದ, ಯಾರು ಕಲಿಸಿದ್ರು ಅಂತ ಮಾತ್ರ ಒಮ್ಮೆನೂ ಕೇಳಿರಲಿಲ್ಲ.

2025ರ ಜನವರಿಯೊಳಗ ‘ಸಂಗೀತ ಮಾನಾಪಮಾನ’ ಅಂತ ಮರಾಠಿ ಸಿನಿಮಾ ಬಂತಲ್ರಿ, ಅದನ್ನ ಮೊನ್ನೆ ಮನ್ಯಾಗ ಹಚ್ಚಿದ್ವಿ. ಮುಗಿದ ಮ್ಯಾಲೆ ಅವ್ವ ಬಹಳ ಹೊತ್ತು ಸುಮ್ನ ಕೂತಿದ್ಲು. ಆಮ್ಯಾಲೆ “ನಮ್ಮಪ್ಪ ಹೇಳತಿದ್ದ ನಾಟಕ ಬ್ಯಾರೆನ ಇತ್ತವಾ” ಅಂದ್ಲು. ಅವ್ವನ ಅಪ್ಪ ಹತ್ತಿ ಅಡತಿ ಅಂಗಡಿಯೊಳಗ ಲೆಕ್ಕ ಬರೀತಿದ್ದ. ಹಗಲೆಲ್ಲ ದುಡದು, ರಾತ್ರಿ ನಾಟಕಕ್ಕ ಹೋಗಿ, ಬೆಳಗ್ಗೆ ಸೀದಾ ಅಂಗಡಿಗೆ ಹೋಗತಿದ್ನಂತ.

ಈ ನಾಟಕ ಹೆಂಗಿತ್ತು, ಯಾರ್‍ಯಾರು ಆಡ್ಯಾರ, ನಮ್ಮ ಹುಬ್ಬಳ್ಳಿ-ಧಾರವಾಡಕ್ಕೂ ಅದಕ್ಕೂ ಏನರ ಸಂಬಂಧ ಐತೇನು? ಗೊತ್ತಿದ್ದವರು ಹೇಳ್ರಿ. ಅವ್ವಗ ಓದಿ ಹೇಳಬೇಕಾಗೇತಿ.

ಪೇಟಿ ಮಾಸ್ತರ, ಧಾರವಾಡ:
ತಂಗಿ, ಭಾಳ ಚಲೋ ಪ್ರಶ್ನೆ. ನಾನು ನಲವತ್ತು ವರ್ಷ ಲೆಗ್ ಹಾರ್ಮೋನಿಯಂ ಬಾರಿಸಿದಾಂವ. ಈ ನಾಟಕದ ಪದ ಬಾರಿಸಿ ಬಾರಿಸಿ ಬಟ್ಟು ಸವದಾವ. ಉದ್ದ ಬರೀತೀನಿ, ಸಿಟ್ಟಾಗಬ್ಯಾಡ್ರಿ.

ಬರದವರು ಕೃಷ್ಣಾಜಿ ಪ್ರಭಾಕರ ಖಾಡಿಲ್ಕರ್, ಸಾಂಗಲಿಯವರು. ಮೊದಲನೇ ಪ್ರಯೋಗ 1911ರ ಮಾರ್ಚ್ 12, ಮುಂಬೈಯೊಳಗ, ಕಿರ್ಲೋಸ್ಕರ್ ನಾಟಕ ಮಂಡಳಿಯಿಂದ. ಭಾಮಿನಿ ಅಂತ ಶ್ರೀಮಂತರ ಮಗಳು, ಧೈರ್ಯಧರ ಅಂತ ಬಡ ಸೇನಾಪತಿ. ರೊಕ್ಕ ಇಲ್ಲದವ ಅಂತ ಹೇಳಿ ಆಕಿ ಅವನಿಗೆ ಅಪಮಾನ ಮಾಡತಾಳ. ಮುಂದ ಆಕಿನ ವನಮಾಲಾ ಅಂತ ಬಡವಿ ವೇಷ ಹಾಕ್ಕೊಂಡು ಬಂದಾಗ, ಆಕಿ ಯಾರಂತ ಗೊತ್ತಿಲ್ಲದ ಧೈರ್ಯಧರ ಆಕಿ ಮ್ಯಾಲೆ ಮನಸ್ಸಿಡತಾನ. ನಡುವ ಲಕ್ಷ್ಮೀಧರ ಅಂತ ಒಬ್ಬ ಇದ್ದಾನ. ಮೈತುಂಬ ವಜ್ರ-ವೈಡೂರ್ಯ, ಎದಿಯೊಳಗ ಕಾಳಿನಷ್ಟು ಧೈರ್ಯ ಇಲ್ಲ. ಇಷ್ಟ ಕತಿ. ನಗಿಸಿಕೋತ ಹೋಗಿ ನಡುನಡುವ ಚುಚ್ಚತೈತಿ.

ಮೊದಲನೇ ತಂಡದೊಳಗ ಭಾಮಿನಿ ಪಾರ್ಟು ಬಾಲಗಂಧರ್ವರದು, ಹೆಣ್ಣು ಪಾರ್ಟಿಗೆ ಹೆಸರಾದ ಗಾಯಕ ನಟರು. ಧೈರ್ಯಧರ ನಾನಾಸಾಹೇಬ ಜೋಗಳೇಕರ್, ಲಕ್ಷ್ಮೀಧರ ಗಣಪತರಾವ್ ಬೋಡಸ್. ಪದಗಳ ಚಾಲು, ಅಂದ್ರ ಮಟ್ಟು, ಕೂಡಿಸಿದವರು ಗೋವಿಂದರಾವ್ ಟೆಂಬೆ. ಅವರೂ ನನ್ನಂಗ ಪೇಟಿ, ಅಂದ್ರ ಹಾರ್ಮೋನಿಯಂ, ಬಾರಿಸೋರ! ಮುಂದ ಅವರು ತಾವ ಬಣ್ಣ ಹಚ್ಚಿ ಧೈರ್ಯಧರನ ಪಾರ್ಟೂ ಮಾಡಿದ್ರು.

ಈ ಚಾಲಿನ ವಿಷಯ ನಮಗ ಮುಖ್ಯ. ಟೆಂಬೆಯವರಿಗಿಂತ ಮೊದಲು ಮರಾಠಿ ಸಂಗೀತ ನಾಟಕದ ಪದಗಳು ಹೆಚ್ಚಾಗಿ ಜನರ ಬಾಯೊಳಗ ಇದ್ದ ಮಟ್ಟಿನ ಮ್ಯಾಲೆ ಕೂಡತಿದ್ವು: ಕೀರ್ತನ, ಸಾಕಿ, ದಿಂಡಿ, ಲಾವಣಿ. ಅದರೊಳಗ ಕನ್ನಡ ಪದಗಳ ಮಟ್ಟು ಭಾಳ ಇದ್ವು. ಹಳೇ ನಾಟಕದ ಪುಸ್ತಕ ತಗದು ನೋಡ್ರಿ, ಪದದ ಮ್ಯಾಲೆ ‘ಕಾನಡಿ ಚಾಲ’ ಅಂತ ಬರದಿರತಾರ. ಯಾಕಂದ್ರ ಆ ಸಂಗೀತ ನಾಟಕಕ್ಕ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು 1843ರಾಗ, ಸವದತ್ತಿ ಕಡೆ ಗುರ್ಲಹೊಸೂರಿನೊಳಗ. ಕಿವಿಯೊಳಗ ಕನ್ನಡ ಇಟ್ಟಗೊಂಡ ಬೆಳದವರು. ಟೆಂಬೆ ಬಂದು ಆ ಮಟ್ಟು ಬದಿಗಿಟ್ಟು, ಉತ್ತರ ಹಿಂದೂಸ್ತಾನದ ಪೂರಬ್ ಕಡೆ ಠುಮರಿ, ಕಜರಿ, ದಾದರಾದ ಧಾಟಿ ತಂದ್ರು. ಮಾನಾಪಮಾನದಿಂದ ನಾಟ್ಯಸಂಗೀತದ ಹಾದಿನ ಬದಲಾತು. ನಿಮ್ಮ ಅವ್ವಾರು ಗುನುಗೋ ‘ಖರಾ ತೋ ಪ್ರೇಮಾ’ ಇದ ನಾಟಕದ್ದು, ಭಾಮಿನಿ ಹಾಡೋದು. ನಿಜವಾದ ಪ್ರೀತಿ ಮನಸ್ಸಿನ್ಯಾಗ ಲೋಭ ಇಟ್ಟಗೊಳ್ಳೂದಿಲ್ಲ ಅಂತ ಅದರ ಅರ್ಥ.

ಮುಠಾ ತೀರದ ಕನ್ನಡಿಗ:
ಮಾಸ್ತರ್ ಬಹಳ ಚೆನ್ನಾಗಿ ಹೇಳಿದ್ದಾರೆ. ನಾನು ಪುಣೆಗೆ ಬಂದು ಮೂವತ್ತು ವರ್ಷ. ಇಲ್ಲಿ ಹಿರಿಯರು ಮಾನಾಪಮಾನದ ಮಾತೆತ್ತಿದರೆ ಮೊದಲು ಹೇಳುವುದು ಆ ಮೊದಲ ದಿನದ ಸಂಗತಿ. ಪ್ರಯೋಗದ ದಿನವೇ ಬಾಲಗಂಧರ್ವರ ಪುಟ್ಟ ಮಗಳು ತೀರಿಕೊಂಡಳು. ನಾಟಕ ಮುಂದಕ್ಕೆ ಹಾಕೋಣವೆಂದು ಕಂಪನಿಯವರು ಅಂದರೂ ಅವರು ಒಪ್ಪಲಿಲ್ಲ, ಬಣ್ಣ ಹಚ್ಚಿಕೊಂಡು ನಿಂತರು. ಆಗ ಅವರಿಗೆ ಇನ್ನೂ ಇಪ್ಪತ್ತಮೂರು ತುಂಬಿರಲಿಲ್ಲ. ಇದನ್ನು ಬರೀ ಹೊಗಳಿಕೆಯಾಗಿ ಹೇಳುತ್ತಾ ಬಂದಿದ್ದಾರೆ. ನನಗೆ ಮಾತ್ರ ಆ ರಾತ್ರಿ ಮನೆಯಲ್ಲಿ ಉಳಿದ ಹೆಂಡತಿ ಲಕ್ಷ್ಮೀಬಾಯಿಯ ಕಡೆಗೆ ಮನಸ್ಸು ಹೋಗುತ್ತದೆ.

ಮುಂದೆ 1913ರಲ್ಲಿ ಬಾಲಗಂಧರ್ವ, ಟೆಂಬೆ, ಬೋಡಸ್ ಮೂವರೂ ಕಿರ್ಲೋಸ್ಕರ್ ಮಂಡಳಿ ಬಿಟ್ಟು ಗಂಧರ್ವ ನಾಟಕ ಮಂಡಳಿ ಕಟ್ಟಿದರು. ಮಾನಾಪಮಾನ ಅವರ ಜೊತೆಗೇ ಹೋಯಿತು ಎನ್ನಬೇಕು. ಸಾರಂಗಿಗೆ ಕಾದರ್ ಬಕ್ಷ್, ತಬಲಾಗೆ ಅಹ್ಮದ್‌ಜಾನ್ ತಿರಕವಾ. ಇವತ್ತು ತಿರಕವಾ ಹೆಸರು ಹೇಳಿದರೆ ತಬಲಾದವರು ಕಿವಿ ಮುಟ್ಟಿಕೊಳ್ಳುತ್ತಾರೆ. ಅಂಥವರು ರಂಗದ ಮುಂದೆ ಕೂತು ಪ್ರತಿ ರಾತ್ರಿ ನಾಟಕಕ್ಕೆ ಠೇಕಾ ಹಿಡಿಯುತ್ತಿದ್ದರು. ನಿಮ್ಮ ಅಜ್ಜ ನಿದ್ದೆಗೆಟ್ಟು ನೋಡಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

1921ರ ಜುಲೈ 8ರ ಸಂಗತಿಯನ್ನೂ ಹೇಳಲೇಬೇಕು. ಮುಂಬೈಯ ಬಾಲಿವಾಲಾ ಥಿಯೇಟರಿನಲ್ಲಿ ‘ಸಂಯುಕ್ತ ಮಾನಾಪಮಾನ’ ಆಯಿತು. ಟಿಳಕ್ ಸ್ವರಾಜ್ಯ ನಿಧಿಗೆ ಹಣ ಕೂಡಿಸಲು ಎರಡು ಎದುರಾಳಿ ಕಂಪನಿಗಳು ಒಂದೇ ವೇದಿಕೆ ಹತ್ತಿದವು. ಗಂಧರ್ವ ಮಂಡಳಿಯ ಬಾಲಗಂಧರ್ವ ಭಾಮಿನಿ, ಲಲಿತಕಲಾದರ್ಶದ ಕೇಶವರಾವ್ ಭೋಸಲೆ ಧೈರ್ಯಧರ. ಒಬ್ಬರ ದನಿ ಜೇನಿನಂತೆ ಇಳಿಯುವಂಥದು, ಇನ್ನೊಬ್ಬರದು ಮೇಲಿನ ಷಡ್ಜದಲ್ಲಿ ಮಿಂಚು ಹೊಡೆದಂಥದು. ಇಬ್ಬರ ಅಭಿಮಾನಿಗಳೂ ತಮ್ಮವನು ಗೆಲ್ಲಲೆಂದೇ ಬಂದಿದ್ದರು. ಅದಾಗಿ ಮೂರು ತಿಂಗಳು ಕಳೆಯುವಷ್ಟರಲ್ಲಿ, ಅಕ್ಟೋಬರ್ 4ಕ್ಕೆ ಕೇಶವರಾವ್ ತೀರಿಕೊಂಡರು. ಮೂವತ್ತೊಂದೇ ವರ್ಷ.

ದುರ್ಗದಬೈಲ್ ಹುಡುಗಿ:
ಓದಿಕೋತ ಓದಿಕೋತ ಕಣ್ಣಾಗ ನೀರು ಬಂತ್ರಿ. ಲಲಿತಕಲಾದರ್ಶ ಅಂದ್ರಿ. ಆ ಹೆಸರು ಅಜ್ಜನ ಬಾಯಾಗ ಇರತಿತ್ತಂತ, ಅವ್ವ ಈಗ ಹೇಳಿದ್ಲು.

ಪೇಟಿ ಮಾಸ್ತರ, ಧಾರವಾಡ:
ಇರಲಿಕ್ಕೇ ಬೇಕು ತಂಗಿ! ಆ ಕಂಪನಿ ಹುಟ್ಟಿದ್ದ ನಿಮ್ಮೂರಾಗ. 1908ರ ಜನವರಿ 1ಕ್ಕ ಹುಬ್ಬಳ್ಳಿಯೊಳಗ ಕೇಶವರಾವ್ ಭೋಸಲೆ ಲಲಿತಕಲಾದರ್ಶ ಕಟ್ಟಿದ್ರು. ಕೊಲ್ಲಾಪುರದ ಹುಡುಗ, ಇನ್ನೂ ಹದಿನೆಂಟು ತುಂಬಿದ್ದಿಲ್ಲ. ಸಣ್ಣವ ಇದ್ದಾಗಿಂದ ಬ್ಯಾರೆ ಕಂಪನಿಯೊಳಗ ಹೆಣ್ಣು ಪಾರ್ಟು ಮಾಡಿ ಹೆಸರು ಮಾಡಿದ್ದ. ಆ ಕಂಪನಿ ಬಿಟ್ಟು ಸ್ವಂತದ್ದು ಕಟ್ಟುವಾಗ ಅವಂಗ ನೆಲಿ ಸಿಕ್ಕಿದ್ದು ಹುಬ್ಬಳ್ಳಿಯೊಳಗ.

ಯಾಕ ಹುಬ್ಬಳ್ಳಿ ಅಂದ್ರ, ರೈಲು ಇತ್ತು, ಹತ್ತಿ ವ್ಯಾಪಾರ ಇತ್ತು, ಜನರ ಕೈಯಾಗ ರೊಕ್ಕ ಓಡ್ಯಾಡತಿತ್ತು. ಕಂಪನಿಯವರು ಒಂದೊಂದೂರಾಗ ತಿಂಗಳಗಟ್ಟಲೆ ಡೇರೆ ಹೂಡತಿದ್ರು. ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಗದಗ, ಇದ ಅವರ ಹಾದಿ. ಬಾಲಗಂಧರ್ವರಿಗೆ ಗಾಯನ ಕಲಿಸಿದ ಭಾಸ್ಕರಬುವಾ ಬಖಲೆಯವರೂ ನಮ್ಮ ಧಾರವಾಡದ ಟ್ರೇನಿಂಗ್ ಕಾಲೇಜಿನ್ಯಾಗ ಸಂಗೀತ ಕಲಿಸಿದವರು. ಹಿಂಗಾಗಿ ಈ ನಾಟಕ ಮುಂಬೈ-ಪುಣೆಯವರದಷ್ಟ ಅಂತ ಯಾರರ ಅಂದ್ರ ನಾನು ಒಪ್ಪೂದಿಲ್ಲ.

ವೀರನಾರಾಯಣನ ಬಾಜೂ ಮನಿ:
ಮಾಸ್ತರ್ರ, ನೀವು ಹೇಳಿದ್ದು ಖರೆ. ಆದರ ನಾ ಗದಗಿನವ, ಇನ್ನೊಂದು ಬಾಜೂನೂ ಹೇಳಬೇಕು. ಮರಾಠಿ ಕಂಪನಿ ಬಂದು ತಿಂಗಳಗಟ್ಟಲೆ ಡೇರೆ ಹೂಡಿದಾಗ ನಮ್ಮ ಕನ್ನಡ ಆಟಕ್ಕ ಏನು ಉಳೀತಿತ್ತು? ನಮ್ಮ ಮಂದಿ ಕನ್ನಡ ಮಾತಾಡಿಕೋತ ಹೋಗಿ ಮರಾಠಿ ನಾಟಕ ನೋಡಿ ಬರತಿದ್ರು. ಅದನ್ನ ಕಂಡು ಹೊಟ್ಯಾಗ ಸಂಕಟ ಆಗಿ ಎದ್ದು ನಿಂತವರು ನಮ್ಮ ಶಾಂತಕವಿಗಳು, ಸಕ್ಕರಿ ಬಾಳಾಚಾರ್ಯರು. ಮಾನಾಪಮಾನಕ್ಕಿಂತ ಮೂವತ್ತು ವರ್ಷದ ಮೊದಲನ ‘ಉಷಾಹರಣ’ ಬರದು, ಗದಗಿನ್ಯಾಗ ಕೃತಪುರ ನಾಟಕ ಮಂಡಳಿ ನಿಲ್ಲಿಸಿದ್ರು. ಸಾಲಿ ಮಾಸ್ತರಿಕಿ ಮಾಡಿಕೋತ, ಕೀರ್ತನ ಮಾಡಿಕೋತ, ನಾಟಕದ ಮ್ಯಾಲೆ ನಾಟಕ ಬರದ್ರು. ಅವರ ಹಿಂದ ಹಲಗೇರಿ ಜಟ್ಟೆಪ್ಪ, ಕೊಣ್ಣೂರ ಕಂಪನಿ, ಗರೂಡ ಸದಾಶಿವರಾಯರು ಬಂದ್ರು.

ಮಾನಾಪಮಾನ ದೊಡ್ಡ ನಾಟಕ, ಕೈ ಮುಗೀತೀನಿ. ನಮ್ಮ ಅಜ್ಜನೂ ನೋಡಿರಬಹುದು. ಆದರ ಆ ಹೊತ್ತಿಗೆ ಅದು ನಮ್ಮ ಮ್ಯಾಲೆ ಹೊರೆನೂ ಆಗಿತ್ತು. ಎರಡೂ ಬರದ್ರ ಮಾತ್ರ ಪೂರಾ ಚರಿತ್ರೆ ಆಗತೈತಿ.

ಪೇಟಿ ಮಾಸ್ತರ, ಧಾರವಾಡ:
ಒಪ್ಪಿದೆ. ನಾನು ಬಿಟ್ಟಿದ್ದನ್ನ ನೀವು ಕೂಡಿಸಿದ್ರಿ. ಒಂದ ಮಾತು ಸೇರಿಸತೀನಿ. ಆ ಹೊರೆಯಿಂದನ ನಮ್ಮವರು ಕಲತ್ರು. ಹುಬ್ಬಳ್ಳಿ ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಕನ್ನಡ ಕಂಪನಿ. ಅಲ್ಲಿ ಪದ ಹಾಡಿಕೋತ ಬೆಳದ ಹುಡುಗರು ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು. ನಾಟಕದ ಪದಕ್ಕ ಮೂರು ನಿಮಿಷದಾಗ ರಾಗ ತೋರಸಬೇಕು, ಮಾತೂ ತಿಳೀಬೇಕು, ಹಿಂದಿನ ಬಾಕಿನ ಮ್ಯಾಲೆ ಕೂತವಂಗೂ ಕೇಳಬೇಕು. ಆ ಶಿಸ್ತು ಮನಸೂರ ಅಣ್ಣಾ ಅವರ ವಚನ ಗಾಯನದಾಗ ನನಗ ಕಡೀತನಾ ಕೇಳೇತಿ.

ಶರಾವತಿ ಆಚೆ:
ನಾನು ಹೊನ್ನಾವರದವಳು. ಗದಗಿನ ಅಣ್ಣ ಕೊಟ್ಟು-ತಗೊಂಡ ಲೆಕ್ಕ ತೆಗೆದಿದ್ದರಿಂದ ಇನ್ನೂ ಹಿಂದಿನ ಒಂದು ಸಾಲ ನೆನಪಿಸುತ್ತೇನೆ. ನಮ್ಮೂರ ಬದಿಯ ಕರ್ಕಿಯಿಂದ ಭಾಗವತರ ಮೇಳವೊಂದು ಘಟ್ಟ ಹತ್ತಿ ಹೋಗಿ 1842ರಲ್ಲಿ ಸಾಂಗಲಿಯ ಅರಮನೆಯಲ್ಲಿ ಆಟ ಆಡಿತು. ಅಲ್ಲಿಯ ದೊರೆ ಚಿಂತಾಮಣರಾವ್ ಪಟವರ್ಧನ್ ಅದನ್ನು ನೋಡಿ, ಇಂಥದನ್ನೇ ಮರಾಠಿಯಲ್ಲಿ ಮಾಡು ಎಂದು ವಿಷ್ಣುದಾಸ ಭಾವೆಗೆ ಹೇಳಿದ. ಮರುವರ್ಷ, 1843ರಲ್ಲಿ ‘ಸೀತಾಸ್ವಯಂವರ’ ರಂಗಕ್ಕೆ ಬಂತು. ಮರಾಠಿ ರಂಗಭೂಮಿಯವರು ತಮ್ಮ ಹುಟ್ಟಿದ ದಿನವೆಂದು ಇವತ್ತಿಗೂ ಆಚರಿಸುವುದು ಆ ಪ್ರಯೋಗವನ್ನೇ.

ಯಕ್ಷಗಾನದ ಒಡ್ಡೋಲಗ, ಭಾಗವತ, ಹಾಸ್ಯಗಾರ ಇವೆಲ್ಲ ನೋಡಿ ಬೆಳೆದ ನನಗೆ ಲಕ್ಷ್ಮೀಧರನ ವರ್ಣನೆ ಓದಿದ ಕೂಡಲೇ ನಮ್ಮ ಮೇಳದ ಹಾಸ್ಯಗಾರ ಕಣ್ಣಮುಂದೆ ಬಂದ. ರಾಜನ ಎದುರಿಗೇ ರಾಜನನ್ನು ಆಡಿಕೊಳ್ಳುವ ಹಕ್ಕು ಅವನೊಬ್ಬನಿಗೇ.

ಮುಠಾ ತೀರದ ಕನ್ನಡಿಗ:
ಕರ್ಕಿಯ ಸಂಗತಿಯನ್ನು ಇಲ್ಲಿನ ವಿದ್ವಾಂಸರೂ ಮುಚ್ಚಿಡುವುದಿಲ್ಲ, ಗೌರವದಿಂದಲೇ ಹೇಳುತ್ತಾರೆ. ಖಾಡಿಲ್ಕರರೂ ಅದೇ ಸಾಂಗಲಿಯವರು ಎಂಬುದನ್ನು ಇದರ ಜೊತೆ ಇಟ್ಟು ನಾನು ಯೋಚಿಸಿರಲಿಲ್ಲ.

ಬೀಳಗಿ ಸೊಸಿ:
ಇಷ್ಟು ಮಂದಿ ಇಷ್ಟು ಬರದ್ರಿ. ಗೋಹರಬಾಯಿ ಹೆಸರು ಒಬ್ಬರೂ ತಗೀಲಿಲ್ಲಲ್ರಿ? ಮನಸಿಗೆ ನೋವಾತು, ಅದಕ್ಕ ಬರೀಲಿಕ್ಕೆ ಕೂತೇನಿ.

ಗೋಹರಬಾಯಿ ಕರ್ನಾಟಕಿ ನಮ್ಮ ಬೀಳಗಿಯಾಕಿ. ಸಿನಿಮಾದಾಗ ಹಾಡಿದ ಅಮೀರಬಾಯಿ ಕರ್ನಾಟಕಿಯ ಅಕ್ಕ. ಹೆಸರಿನ್ಯಾಗನ ಕರ್ನಾಟಕ ಹೊತ್ತಗೊಂಡು ಹೋದ ಹೆಣ್ಣುಮಕ್ಕಳು. ಬಾಲಗಂಧರ್ವರ ಗ್ರಾಮೋಫೋನ್ ಪ್ಲೇಟು ಕೇಳಿ ಕೇಳಿ, ಅವರ ಗಾಯಕಿನ ಗಂಟಲಿಗೆ ಇಳಿಸಿಕೊಂಡಾಕಿ. ಇಬ್ಬರ ಪ್ಲೇಟು ಒಂದರ ಹಿಂದ ಒಂದು ಹಚ್ಚಿದ್ರ ತಿಳದವರೂ ತಡವರಸ್ತಾರ. 1938ರಾಗ ಆಕಿ ಬಾಲಗಂಧರ್ವರ ಕಂಪನಿ ಸೇರಿದ್ಲು, ನಾಯಕಿ ಪಾರ್ಟು ಮಾಡಿದ್ಲು, 1964ರಾಗ ಸಾಯೋತನಕ ಅವರ ಜೋಡಿನ ಇದ್ಲು. ಅವರ ಕಾಲು ಸ್ವಾಧೀನ ತಪ್ಪಿ ಎದ್ದು ಓಡ್ಯಾಡಲಿಕ್ಕೆ ಆಗಲಾರದ ಹೊತ್ತಿನ್ಯಾಗ ಸೇವಾ ಮಾಡಿದಾಕಿ ಆಕಿನ.

ಆದರ ಬಾಲಗಂಧರ್ವರ ಕತಿ ಬರದವರು ಎಷ್ಟೋ ಮಂದಿ ಆಕಿನ್ನ ಹೆಂಗ ಬರದಾರ? ಬಂದು ಹಾಳು ಮಾಡಿದಾಕಿ ಅಂತ. ಲೆಕ್ಕ ನೋಡ್ರಿ. ಗಂಧರ್ವ ಕಂಪನಿ ಸಾಲದಾಗ ಬಿದ್ದದ್ದು 1921ರ ಸುಮಾರಿಗೆ. ನಿಜವಾದ ರೇಶ್ಮಿ, ನಿಜವಾದ ಜರಿ, ಅತ್ತರು, ಕಂಪನಿ ಮಂದಿಗೆಲ್ಲ ಪಕ್ವಾನ್ನದ ಊಟ, ಅದರ ಖರ್ಚು ಅದು. ಮುಂದ ಮಾತಾಡೋ ಸಿನಿಮಾ ಬಂತು, ಮಂದಿ ಅತ್ತಾಗ ಹೊಳ್ಳಿದ್ರು. 1935ರಾಗ ಬಾಲಗಂಧರ್ವರು ನಾಟಕ ಬಿಟ್ಟು ಪ್ರಭಾತ್ ಕಂಪನಿಯ ‘ಧರ್ಮಾತ್ಮಾ’ ಸಿನಿಮಾದಾಗ ಗಂಡಸರ ಪಾರ್ಟು ಮಾಡೋ ಪಾಳಿ ಬಂತು. ಇದೆಲ್ಲ ಆದ ಮೂರು ವರ್ಷಕ್ಕ ಗೋಹರ ಬಂದದ್ದು. ಮುಳುಗಿದ ಹಡಗಕ್ಕ ಬಂದು ನೀರು ಹೊರಗ ಹಾಕಿದಾಕಿ ಮ್ಯಾಲೆ ತೂತು ಕೊರದ ಅಪವಾದ ಹಾಕ್ತಾರ.

ಬ್ಯಾರೆ ಧರ್ಮದಾಕಿ, ಬ್ಯಾರೆ ಭಾಷಾದಾಕಿ, ಹಾಡೋ ಮನೆತನದಾಕಿ. ಮೂರೂ ಕೂಡಿದ ಮ್ಯಾಲೆ ಬ್ಯಾರೆ ಗುನ್ಹೆ ಬೇಕಾಗಲಿಲ್ಲ. ಮಾನಾಪಮಾನ ಅಂತ ನಾಟಕದ ಹೆಸರಿಡತಾರ, ಬಡತನಕ್ಕ ಅಪಮಾನ ಮಾಡಬಾರದು ಅಂತ ಹಾಡು ಹಾಡತಾರ. ಬೀಳಗಿಯ ಹೆಣ್ಣುಮಗಳಿಗೆ ಮಾನ ಯಾರು ಕೊಟ್ರಿ?

ಶರಾವತಿ ಆಚೆ:
ಅಕ್ಕಾ, ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ.

ಮುಠಾ ತೀರದ ಕನ್ನಡಿಗ:
ಬೀಳಗಿ ಅಕ್ಕಾ, ನಾನು ಪುಣೆಯಲ್ಲಿ ಕೇಳಿದ್ದನ್ನೇ ನಂಬಿಕೊಂಡು ಬಂದವನು. ತಾರೀಕು ಜೋಡಿಸಿ ನೋಡಿರಲಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಗೋಹರಬಾಯಿ ಬಂದ ಮೇಲೆ ಕಂಪನಿಯ ಹಳಬರು ಹಲವರಿಗೆ ಕಸಿವಿಸಿಯಾದದ್ದು ಸುಳ್ಳಲ್ಲ. ಅವರಲ್ಲಿ ಎಲ್ಲರೂ ಧರ್ಮ ನೋಡಿಯೇ ದೂರ ಸರಿದರು ಅಂತ ಹೇಳಲಾರೆ. ಬಾಲಗಂಧರ್ವ ಎಂದರೆ ಹೆಣ್ಣಾಗಿ ನಿಂತ ಗಂಡು, ಆ ಸೀರೆಯ ನೆರಿಗೆ, ಆ ನಾಚಿಕೆ. ಅದನ್ನೇ ನೋಡಲು ಮೂವತ್ತು ವರ್ಷ ಬಂದವರಿಗೆ, ಅದೇ ವೇದಿಕೆಯಲ್ಲಿ ನಿಜವಾದ ಹೆಣ್ಣು ನಿಂತಾಗ ಏನೋ ಕಳೆದುಕೊಂಡಂತಾಯಿತು.

ಬೀಳಗಿ ಸೊಸಿ:
ಅಣ್ಣಾರ, ಅದನ್ನ ನಾ ಅಲ್ಲಗಳಿಯೂದಿಲ್ಲ. ಆದರ ಆ ಹೊತ್ತಿಗೆ ಗಾಯಕಿ ಹೀರಾಬಾಯಿ ಬಡೋದೇಕರ್ ಅವರು ಆಗಲೇ ವೇದಿಕೆ ಹತ್ತಿ ಹೆಣ್ಣುಮಕ್ಕಳ ಪಾರ್ಟು ಹೆಣ್ಣುಮಕ್ಕಳ ಮಾಡಬೇಕು ಅಂತ ತೋರಿಸಿಕೊಟ್ಟಿದ್ರು. ಕಾಲ ಹೊಳ್ಳಿತ್ತು. ಹೊಳ್ಳಿದ ಕಾಲದ ಸಿಟ್ಟು ಗೋಹರಬಾಯಿ ಒಬ್ಬಾಕಿ ತಲಿ ಮ್ಯಾಲೆ ಬಿತ್ತು. ನೀವು ತಾರೀಕು ಜೋಡಿಸಿ ನೋಡಿರಲಿಲ್ಲ ಅಂತ ಒಪ್ಪಿದ್ರಲ್ಲ, ಅಷ್ಟ ಸಾಕು ನನಗ.

ವೀರನಾರಾಯಣನ ಬಾಜೂ ಮನಿ:
ಅಕ್ಕಾರ, ಶಾಂತಕವಿಗಳ ಬಗ್ಗೆ ಬರದಾಗ ಗೋಹರಬಾಯಿ ನನಗೂ ನೆನಪಾಗಲಿಲ್ಲ. ತಪ್ಪಾತು.

ರಂಗದ ಹಿಂದೆ:
ನಾನು ಬೆಂಗಳೂರಿನಲ್ಲಿ ಹವ್ಯಾಸಿ ತಂಡವೊಂದರ ಜೊತೆ ನಿರ್ದೇಶನ ಮಾಡುತ್ತೇನೆ. ಎರಡು ದಿನದಿಂದ ಈ ಚರ್ಚೆಯನ್ನು ಬಿಡದೆ ಓದುತ್ತಿದ್ದೇನೆ. ಎಲ್ಲರೂ ಗಾಯನದ ಬಗ್ಗೆ, ಗಾಯಕರ ಬಗ್ಗೆ ಬರೆದಿದ್ದೀರಿ. ನಾಟಕದ ಬಗ್ಗೆಯೂ ಮಾತಾಡಬೇಕು ಅನ್ನಿಸಿತು.

ಖಾಡಿಲ್ಕರ್ ಯಾರು? ಟಿಳಕರ ‘ಕೇಸರಿ’ ಪತ್ರಿಕೆಯವರು. ಮಾನಾಪಮಾನಕ್ಕೆ ಮೊದಲು ‘ಕೀಚಕವಧ’ ಬರೆದಿದ್ದರು. ಕೀಚಕನೆಂದರೆ ವೈಸರಾಯ್ ಆಗಿದ್ದ ಕರ್ಜನ್ ಎಂದು ಗ್ಯಾಲರಿಯಲ್ಲಿ ಕೂತ ಹುಡುಗನಿಗೂ ಗೊತ್ತಾಗುತ್ತಿತ್ತು. 1876ರ ನಾಟಕ 
ಪ್ರದರ್ಶನ ಕಾಯ್ದೆ ಕೈಯಲ್ಲಿದ್ದ ಸರಕಾರ 1910ರಲ್ಲಿ ಅದನ್ನು ನಿಷೇಧಿಸಿತು. ಟಿಳಕರು ಮಂಡಾಲೆ ಜೈಲಿನಲ್ಲಿದ್ದರು. ಆ ಹೊತ್ತಿನಲ್ಲಿ ಅದೇ ಮನುಷ್ಯ ಒಂದು ನಗೆನಾಟಕ ಬರೆದರು. ಶರಣಾದರೆ? ನನಗೆ ಹಾಗೆನ್ನಿಸುವುದಿಲ್ಲ. ಲಕ್ಷ್ಮೀಧರನನ್ನು ನೋಡಿ. ಮೈಮೇಲೆ ಒಡವೆ ಹೇರಿಕೊಂಡು, ಕತ್ತಿಯ ಸದ್ದಿಗೆ ನಡುಗುವ ಧಣಿ. ಎದುರಿಗೆ ಕೈಯಲ್ಲಿ ಕಾಸಿಲ್ಲದ ಸಿಪಾಯಿ. ನಾಟಕ ಬಂದದ್ದು 1911ರ ಮಾರ್ಚಿನಲ್ಲಿ. ಅದೇ ವರ್ಷ ಡಿಸೆಂಬರಿನಲ್ಲಿ ದಿಲ್ಲಿ ದರ್ಬಾರು, ನಮ್ಮ ಸಂಸ್ಥಾನಿಕರೆಲ್ಲ ಮುತ್ತು-ರತ್ನ ತೊಟ್ಟು ಐದನೇ ಜಾರ್ಜ್ ದೊರೆಯ ಮುಂದೆ ಬಾಗಿದರು. ಖಾಡಿಲ್ಕರ್ ದರ್ಬಾರನ್ನು ಮನಸ್ಸಿನಲ್ಲಿಟ್ಟು ಬರೆದರೆಂದು ನಾನು ಹೇಳುತ್ತಿಲ್ಲ. ದರ್ಬಾರಿನ ಸುದ್ದಿ ಓದಿದ ಮೇಲೆ ಈ ನಾಟಕಕ್ಕೆ ಬಂದು ಕೂತವನಿಗೆ ಲಕ್ಷ್ಮೀಧರ ಹೇಗೆ ಕಂಡಿರಬೇಕು ಅಂತ ಯೋಚಿಸುತ್ತೇನೆ. ಸರಕಾರದ ಪರೀಕ್ಷಕನಿಗೆ ಪ್ರೇಮದ ಕತೆ, ಪ್ರೇಕ್ಷಕನಿಗೆ ಮಾನದ ಕತೆ.

ಈ ಹಾಸ್ಯವೇ ಮುಂದೆ ಸವೆದುಹೋಯಿತು ಎಂಬುದು ನನ್ನ ಕೊರಗು. ಪದಕ್ಕೆ ವನ್ಸ್ ಮೋರ್ ಬೀಳುತ್ತಾ ಹೋಯಿತು. ಒಂದು ಪದ ಮೂರು ಸಲ, ನಾಲ್ಕು ಸಲ. ಬೆಳತನಕ ಆಡುವ ಕಾಲದಲ್ಲಿ ಹಾಡಿಗೂ ಜಾಗವಿತ್ತು, ಬೋಡಸರ ಮಾತಿಗೂ ಜಾಗವಿತ್ತು. ಪ್ರಯೋಗ ಮೂರು ತಾಸಿಗೆ ಇಳಿದಾಗ ಕತ್ತರಿ ಬಿದ್ದದ್ದು ಗದ್ಯಕ್ಕೆ. ಹಾಡು ಬಿಟ್ಟರೆ ಜನ ಕೇಳುವುದಿಲ್ಲ, ಮಾತು ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಹೀಗಾಗಿ ಲಕ್ಷ್ಮೀಧರ ಎರಡು ಹಾಡುಗಳ ನಡುವೆ ಗಾಯಕರಿಗೆ ಉಸಿರು ತಗೊಳ್ಳಲು ಬಿಡುವು ಕೊಡುವ ಕೋಡಂಗಿಯಾದ. ಗಾಯಕ ರಾಹುಲ್ ದೇಶಪಾಂಡೆ ಈಚೆಗೆ ಇದನ್ನು ಮತ್ತೆ ರಂಗಕ್ಕೆ ತಂದಾಗ ಹೊಸ ಹುಡುಗರು ನೋಡಲು ಬಂದರು, ಅದು ದೊಡ್ಡ ಕೆಲಸ. ನನ್ನ ಆಸೆ ಇನ್ನೊಂದಿದೆ: ಯಾರಾದರೂ ಇದನ್ನು ಲಕ್ಷ್ಮೀಧರನ ಕಡೆಯಿಂದ ನಿರ್ದೇಶಿಸಬೇಕು.

ಕೆಲವು ವರ್ಷದ ಹಿಂದೆ ನಮ್ಮ ತಂಡ ಹಳೆಯ ಕಂಪನಿ ನಾಟಕವೊಂದನ್ನು ಆಡಿತು. ಹಾಸ್ಯದ ದೃಶ್ಯ ಏರುತ್ತಿದ್ದಾಗಲೇ ಹೊತ್ತಾಯಿತೆಂದು ಸಭಾಂಗಣದವರು ದೀಪ ಹಾಕಿಬಿಟ್ಟರು. ನಮ್ಮ ಹಾಸ್ಯ ಪಾತ್ರಧಾರಿ ಮಾತು ಅರ್ಧಕ್ಕೆ ನಿಲ್ಲಿಸಿ ನಿಂತ ಆ ಮುಖ ಇನ್ನೂ ಮರೆತಿಲ್ಲ. ಅದೇ ಒಂದು ಹಾಡಾಗಿದ್ದರೆ ಅವರು ಕಾಯುತ್ತಿದ್ದರು.

ಪೇಟಿ ಮಾಸ್ತರ, ಧಾರವಾಡ:
ರಂಗದ ಹಿಂದೆ ಅವರ, ನೀವು ಹೇಳಿದ್ದು ನನ್ನ ಎದಿಗೆ ನಾಟಿತು. ವನ್ಸ್ ಮೋರ್ ಬಿದ್ದಾಗ ಪೇಟಿ ಬಿಡದ ಮತ್ತ ಸುರು ಮಾಡಿದ ಕೈ ನಂದ. ಆಗ ಮಾತು ಹೇಳೋವ ವಿಂಗಿನ್ಯಾಗ ಕಾಯಕೋತ ನಿಂತಿರತಿದ್ದ ಅನ್ನೋದು ಇವತ್ತ ಲಕ್ಷ್ಯಕ್ಕ ಬಂತು.

ಆದರ ಗಾಯನ ನಾಟಕಾನ್ನ ತಿಂದುಬಿಟ್ಟಿತು ಅಂತ ಪೂರಾ ಹೇಳಬ್ಯಾಡ್ರಿ. ಗಾಯನದಿಂದನ ಆ ಪಾತ್ರಗಳು ಒಬ್ಬ ಹಾಡೋರಿಂದ ಇನ್ನೊಬ್ಬ ಹಾಡೋರಿಗೆ ಬದಲಾದ್ವು. ಧೈರ್ಯಧರನ್ನ ನೋಡ್ರಿ. 1918ರಾಗ ಬಳವಂತ ಸಂಗೀತ ಮಂಡಳಿ ಕಟ್ಟಿದ ಮಾಸ್ಟರ್ ದೀನಾನಾಥ್ ಮಂಗೇಶ್ಕರ್ ಈ ಪಾರ್ಟು ತಗೊಂಡ ಮ್ಯಾಲೆ, ಟೆಂಬೆಯವರ ಪದಗಳ ಮೈನ ಬ್ಯಾರೆ ಆತು. ‘ರವಿ ಮೀ’, ‘ಶೂರಾ ಮೀ ವಂದಿಲೇ’, ‘ಪ್ರೇಮಸೇವಾ ಶರಣ’ ಕೇಳ್ರಿ. ಗಕ್ಕನ ಏರತಾರ, ತಾನು ಚಿಮ್ಮತೈತಿ, ನಡುವ ಪಂಜಾಬಿ ಧಾಟಿಯ ಒಂದು ತಿರುವು, ಮತ್ತ ಸಮ್‌ಗೆ, ಅಂದ್ರ ತಾಳದ ಮೊದಲನೇ ಪೆಟ್ಟಿಗೆ, ಬಂದು ಬೀಳತಾರ. ಯುದ್ಧಕ್ಕ ಹೊಂಟವನ ಪ್ರೀತಿ ಅದು, ತಡಿಯೂದು ಗೊತ್ತಿಲ್ಲ. ಬಾಲಗಂಧರ್ವರ ಭಾಮಿನಿ ಹಂಗಲ್ಲ. ‘ನಾಹೀ ಮೀ ಬೋಲತ್’ ಅಂತ ಮುನಿಸಿಕೊಂಡಾಗ ಒಂದೊಂದು ಅಕ್ಷರ ಕೇಳತೈತಿ, ಸುರ ಒಂದರಿಂದ ಒಂದಕ್ಕ ಜಾರತೈತಿ, ಲಯದ ಕೂದಲಷ್ಟು ಹಿಂದ ನಿಂತು ಕಾಯಿಸತಾರ. ನಮ್ಮ ಸುಳೇಭಾವಿಯ ಕುಮಾರ ಗಂಧರ್ವರು ಆ ಗಾಯನವನ್ನ ‘ನನಗೆ ತಿಳಿದ ಬಾಲಗಂಧರ್ವ’ ಅನ್ನೋ ಅರ್ಥದ ಹೆಸರಿಟ್ಟು ಇಡೀ ಒಂದು ಕಾರ್ಯಕ್ರಮಾನ ಮಾಡಿದ್ರು. ಅನುಕರಣೆ ಮಾಡಲಿಲ್ಲ, ತಮಗ ತಿಳದದ್ದನ್ನ ಹಾಡಿದ್ರು.

ಇನ್ನೊಂದು ಸಂಕಟದ ಸುದ್ದಿ. ಕೊಲ್ಲಾಪುರದಾಗ ಶಾಹೂ ಮಹಾರಾಜರು 1915ರಾಗ ಕಟ್ಟಿಸಿದ ಪ್ಯಾಲೇಸ್ ಥಿಯೇಟರ್ ಇತ್ತಲ್ಲ, ಮುಂದ ಅದಕ್ಕ ಕೇಶವರಾವ್ ಭೋಸಲೆ ನಾಟ್ಯಗೃಹ ಅಂತ ಹೆಸರಾತು. 2024ರ ಆಗಸ್ಟ್ 8ರ ರಾತ್ರಿ ಬೆಂಕಿ ಬಿದ್ದು ಸುಟ್ಟಹೋತು. ಮರುದಿನ ಕೇಶವರಾವ್ ಅವರ ಜಯಂತಿ. ನಾನು ಹರೇದಾಗ ಅಲ್ಲಿ ಒಮ್ಮೆ ಪೇಟಿ ಸಾಥ್ ಮಾಡೇನಿ. ಕಟ್ಟಿಗಿ ಹಲಿಗಿ ಮ್ಯಾಲೆ ಕಾಲಿಟ್ಟರ ದನಿ ಬರತಿತ್ತು, ಆ ದನಿ ಈಗೂ ಕಿವಿಯಾಗೈತಿ.

ದುರ್ಗದಬೈಲ್ ಹುಡುಗಿ:
ಎಲ್ಲಾರೂ ಬರದದ್ದನ್ನ ಅವ್ವಗ ಮೂರು ದಿನ ಕೂತು ಓದಿ ಹೇಳೇನಿ. ಶಾಂತಕವಿಗಳ ಹೆಸರು ಬಂದಾಗ “ಅವರದು ಕೀರ್ತನ ನಮ್ಮಜ್ಜಿ ಕೇಳಿದ್ಲಂತ” ಅಂದ್ಲು. ಗೋಹರಬಾಯಿ ಬಗ್ಗೆ ಓದುವಾಗ ಕಣ್ಣು ಒರಸಿಕೊಂಡ್ಲು. ಬೀಳಗಿ ಅಕ್ಕಾರ, ಅವ್ವ ನಿಮಗ ನಮಸ್ಕಾರ ಹೇಳಂದಾಳ.

ಬಾಲಗಂಧರ್ವರದು, ದೀನಾನಾಥರದು ಎರಡೂ ಹುಡುಕಿ ಹಚ್ಚಿದೆ. ಗರಗರ ಸಪ್ಪಳದಾಗಿಂದ ಆ ದನಿ ಎದ್ದು ಬಂದಾಗ ಅವ್ವ ಲಟ್ಟಣಿಗಿ ಕೆಳಗಿಟ್ಟು ಬಂದು ಕೂತ್ಲು. ಆಮ್ಯಾಲೆ ಒಂದು ಮಾತು ಹೇಳಿದ್ಲು. ಅದಕ್ಕ ಈಗ ಬರೀಲಿಕ್ಕೆ ಹತ್ತೇನಿ, ರಂಗದ ಹಿಂದೆ ಅವರು ಓದಲಿ ಅಂತ. ಅಜ್ಜ ನಾಟಕದಿಂದ ಬಂದು ಮಕ್ಕಳಿಗೆ ಹಾಡಿ ತೋರಸ್ತಿದ್ದಿಲ್ಲಂತ. ಪದ ಅವ್ವ ತಾನ ರೇಡಿಯೋದಾಗ ಕೇಳಿ ಕಲತದ್ದು. ಅಜ್ಜ ತೋರಸ್ತಿದ್ದು ಲಕ್ಷ್ಮೀಧರನ್ನ. ತಲಿಗೆ ರುಮಾಲು ಸುತ್ತಿ, ಅಜ್ಜಿಯ ಡಾಬು, ಸರ ಎಲ್ಲಾ ಮೈಮ್ಯಾಲೆ ಹೇರಿಕೊಂಡು, ಬೆಕ್ಕು ಅಂದ್ರೂ ಬೆದರಿ ಕಣಜದ ಹಿಂದ ಅಡಗತಿದ್ನಂತ. ಐದು ಮಕ್ಕಳು ನಕ್ಕು ನಕ್ಕು ಉರುಳತಿದ್ರಂತ. ಹಗಲೆಲ್ಲ ಅಡತಿ ಅಂಗಡಿಯೊಳಗ ದೊಡ್ಡ ಸಾವಕಾರರ ಮುಂದ ಕೈಕಟ್ಟಿ ನಿಂತು ಲೆಕ್ಕ ಬರಿಯೋ ಮನಶ್ಯಾ ಅಂವ.

ರಂಗದ ಹಿಂದೆ:
ನಿಮ್ಮ ಅಜ್ಜನ ಕಣಜದ ದೃಶ್ಯವನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಅವ್ವನ ಅಪ್ಪಣೆ ಇದ್ದರೆ ಒಂದು ದಿನ ಹುಬ್ಬಳ್ಳಿಗೆ ಬಂದು ಅವರ ಬಾಯಿಂದಲೇ ಕೇಳಬೇಕು.

ಪೇಟಿ ಮಾಸ್ತರ, ಧಾರವಾಡ:
ಅವರು ಬರೋ ದಿನ ನಾನೂ ಪೇಟಿ ತಗೊಂಡು ಬರತೀನಿ ತಂಗಿ. ಅವ್ವಾರ ‘ಖರಾ ತೋ ಪ್ರೇಮಾ’ ರೆಕಾರ್ಡ್ ಮಾಡಿ ಇಡೂಣು. ಸುರ ಎಲ್ಲಿ ಹಿಡಿಯಲಿ, ಪೇಟಿಯ ಕರಿ ಮೂರನೇ ಮಣಿ ನಡೀತೈತೇನು ಕೇಳಿ ಹೇಳ್ರಿ.

ದುರ್ಗದಬೈಲ್ ಹುಡುಗಿ:
ಕೇಳಿದೆರಿ. “ಮುಂಜಾನೆ ಆದ್ರ ಕರಿ ಎರಡು, ಸಂಜಿಗೆ ಆದ್ರ ಮೂರು” ಅಂದ್ಲು. ಸಂಜಿಗೇ ಬರ್ರಿ.